ತೊಟ್ಟಿಯ ಗಪ್ಪಿ ಮೀನು

ಸ್ವಾಮಿ,

ಅನುವನ್ನು ರಕ್ತ ಪರೀಕ್ಷೆಗೆ ಸರಗೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹಬ್ಬಕ್ಕೆ ನೀನು ತೊಟ್ಟಿ ತೊಳೆಯುವ ಮೊದಲು ಗಪ್ಪಿ ಮೀನುಗಳನ್ನು ಅದೇ ನೀರಿನ ಜೊತೆ ಪ್ಲಾಸ್ಟಿಕ್ ಬಕೆಟ್ಟಿಗೆ ಬಿಡು. ಹೋದ ಸಲ ನೀನು "ದೇವ್ರಿಗೆ ನೀರು ತುಂಬೋ ಹಂಡೆ ಕಣತ್ಗೆ, ಏನಾಯ್ತದೆ ಬುಡಿ" ಅಂತ ತಾಮ್ರದ ಹಂಡೆಗೆ ಬಿಟ್ಟೆ. ತಾಮ್ರ ದೇವರಿಗೆ ಆಗುತ್ತದೆ, ಮೀನಿಗೆ ಆಗುವುದಿಲ್ಲ. ಸೊಳ್ಳೆಮರಿ ತಿನ್ನುವ ಮೀನೆಲ್ಲ ಸತ್ತು, ತೊಟ್ಟಿಯಲ್ಲಿ ಸೊಳ್ಳೆ ಎದ್ದು, ಮಗುವಿಗೆ ಡೆಂಗ್ಯೂ ಬಂತು.

ಬ್ಲೀಚಿಂಗ್ ಪುಡಿ ಬೇಡ, ತೆಂಗಿನ ನಾರಿನಲ್ಲಿ ಉಜ್ಜು.

ಮುದ್ದೆ, ಉಪ್ಸಾರು ಮುಚ್ಚಿಟ್ಟಿದ್ದೇನೆ. ಅವಳಿಗೆ ಜ್ವರ ಬಂದಾಗಿನಿಂದ ನೀನು ಒಪ್ಪೊತ್ತು ಇರುವುದು ಅವಳಿಗೂ ಗೊತ್ತಾಗಿದೆ. "ಚಿಕ್ಕಪ್ಪಂಗೆ ಎರಡೊತ್ತೂ ಉಣ್ಣು ಅನ್ನವ್ವ" ಅಂತ ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದಳು. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ, ನೀನು ಉಣ್ಣು.

ಅತ್ತಿಗೆ