ಎಡಗಿವಿಯ ಹಿಂದಿನ ಗೆರೆ

೩೦ ಫೆಬ್ರವರಿ ೨೧೮೯

ಡಾ. ವೃಷಭೇಂದ್ರ, ಡಾ. ಫಿಲೋಮಿನಾ ಮತ್ತು ಅವರ ಕೈಕೆಳಗೆ ಕಲಿಯುತ್ತಿರುವ ಸುಗಂಧಿ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ಒರಟಾಗಿ ಕೇಳಿದರೆ ಅರ್ಧ ತಪ್ಪು ನಡುವಿನ ಒಂದೂವರೆ ಶತಮಾನದ್ದು, ಅದಕ್ಕೆ ಕ್ಷಮೆ ಇರಲಿ. ಉಳಿದರ್ಧ ಬೇಕೆಂದೇ ಬರೆದದ್ದು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಂಚೆ ನಮಗೆ ಜೀವಮಾನಕ್ಕೆ ಒಂದೇ ಸಲ ಸಿಗುತ್ತದೆ. ಅಜ್ಜಿಗೆ ಬರೆಯಬೇಕೆಂದು ಕಾದಿಟ್ಟಿದ್ದೆ. ನಿಮ್ಮಂಥವರಿಗೆ ಬರೆಯಬೇಕಾಗಿ ಬಂತು.

ನೀವು ಎಂಆರ್‌ಐ ಚಿತ್ರಗಳಲ್ಲಿ ಮಿದುಳಿನ ಗಡ್ಡೆಯ ಸುತ್ತ ಗೆರೆ ಎಳೆದು ಯಂತ್ರಕ್ಕೆ ಕಲಿಸುತ್ತಿದ್ದೀರಿ. ಆ ಯಂತ್ರದ ಮರಿಮಗನನ್ನು ನಾವು ಗೆರೆಯಪ್ಪ ಎನ್ನುತ್ತೇವೆ. ನೆಗಡಿಯೆಂದು ಆಸ್ಪತ್ರೆಗೆ ಹೋದರೂ ಮೊದಲು ಅವನ ಮುಂದೆ ತಲೆಯಿಟ್ಟು ಮಲಗಬೇಕು. ಶಸ್ತ್ರವೈದ್ಯರ ಚಾಕು ಅವನೆಳೆದ ಗೆರೆಗೆ ಕಟ್ಟುಬಿದ್ದಿದೆ. ಗೆರೆ ಬಂತೆಂದರೆ ಮೊಂಡುಬಿದ್ದ ಎತ್ತಿನ ಹಾಗೆ ನಿಂತುಬಿಡುತ್ತದೆ, ದಾಟಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

ನನ್ನ ತಂಗಿ ಪದ್ಮಲತಾಳಿಗೆ ಮಿದುಳಿನಲ್ಲಿ, ಎಡಗಿವಿಯ ಹಿಂದೆ ಗಡ್ಡೆ. ಎರಡು ಸಲ ತೆಗೆದರು, ಎರಡು ಸಲವೂ ಗೆರೆಯ ಆಚೆಗೆ ಉಳಿದದ್ದು ಮತ್ತೆ ಬೆಳೆಯಿತು. ಊರವರ ಜಗಳವನ್ನೆಲ್ಲ ಬಾಯಿಮಾತಿನಲ್ಲೇ ತೀರಿಸುತ್ತಿದ್ದವಳು ಈಗ ಮಜ್ಜಿಗೆ ಬೇಕಾದರೆ ಚೊಂಬು ತೋರಿಸುತ್ತಾಳೆ. ಗುರುವಾರ ಮೂರನೆಯ ಶಸ್ತ್ರಚಿಕಿತ್ಸೆ, ಅದೇ ಗೆರೆ. ನಾಲ್ಕನೆಯದನ್ನು ಅವಳ ಜೀವ ತಾಳುವುದಿಲ್ಲವಂತೆ.

ನನ್ನ ಕೆಲಸ ಹಳೆಯ ಕಡತಗಳ ಉಗ್ರಾಣದಲ್ಲಿ. ಅಲ್ಲಿ ನಿಮ್ಮ ೪೧೭ನೆಯ ಚಿತ್ರ ಸಿಕ್ಕಿತು. ಅಳಿಸಿದ ಗೆರೆಯೂ, ನಿಮ್ಮ ಕೋಣೆಯ ಮಾತೂ ಅದರಲ್ಲಿ ಉಳಿದಿವೆ. ಎಡಗಿವಿಯ ಹಿಂದಿನ ಮಸುಕನ್ನು ವೃಷಭೇಂದ್ರರು ಬರೀ ಬಾವು ಎಂದು ಹೊರಗೆ ಬಿಟ್ಟರು. ಅವರದನ್ನು ನೋಡಿ ಫಿಲೋಮಿನಾ ಅವರೂ ಬಿಟ್ಟರು. ಸುಗಂಧಿಯ ಗೆರೆ ಮಾತ್ರ ಮಸುಕನ್ನೂ ಸುತ್ತಿತ್ತು. "ಸರ್, ಅಲ್ಲೂ ಗಡ್ಡೆ ಇದೆ ಅನ್ಸುತ್ತೆ" ಎಂದಳು. "ಇಬ್ಬರು ಬಾವು ಅಂದ್ವಲ್ಲಮ್ಮ, ನಿಂದು ಅಳಿಸು. ಊಟ ಆರಿಹೋಗುತ್ತೆ" ಎಂದರು ವೃಷಭೇಂದ್ರರು. ಮೂವರ ಗೆರೆ ಹೊಂದದಿದ್ದರೆ ಚಿತ್ರವನ್ನು ನಿಮಗಿಂತ ಹಿರಿಯ ತಜ್ಞರ ಮುಂದಿಡಬೇಕೆಂದು ನಿಮ್ಮ ನಿಯಮದಲ್ಲೇ ಇದೆ. ಆ ತಲೆನೋವು ಯಾರಿಗೆ ಬೇಕು? ಗಡ್ಡೆಗೂ ಚುನಾವಣೆ ನಡೆಸಿದ ಮಹಾನುಭಾವರು ನೀವು. ನಾಳೆಯಿಂದ ಅದನ್ನೇ ರೂಢಿ ಮಾಡಿಕೊಂಡು ಸಾವಿರಾರು ಚಿತ್ರಗಳಲ್ಲಿ ಆ ಜಾಗ ಬಿಡುತ್ತೀರಿ, ಯಂತ್ರ ಅದನ್ನೇ ಕಲಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಮ್ಮಿಬ್ಬರಿಗೆ ಹೇಳಲು ನನ್ನಲ್ಲಿ ಇನ್ನೇನೂ ಒಳ್ಳೆಯ ಮಾತಿಲ್ಲ.

ಸುಗಂಧಿ, ನೀನು ನನ್ನ ಮಗಳ ವಯಸ್ಸಿನವಳು, ಏಕವಚನದಲ್ಲೇ ಹೇಳುತ್ತೇನೆ. ಅವರಿಗಿಂತ ನಿನ್ನ ಮೇಲೇ ನನಗೆ ಸಿಟ್ಟು ಹೆಚ್ಚು. ಅವರಿಗೆ ಕಾಣಲಿಲ್ಲ. ನಿನಗೆ ಕಂಡಿತ್ತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ನಿನ್ನ ಕೈಯಾರೆ ಅಳಿಸಿದೆ ಎಂದು ಕಡತ ಹೇಳುತ್ತದೆ. ಅದಕ್ಕೇ ಈ ಕಾಗದ ಒಂದು ಮೂವತ್ತೈದಕ್ಕೆ ನಿನ್ನ ಮೇಜಿಗೆ ಬರುವಂತೆ ಮಾಡಿದ್ದೇನೆ. ಅವರಿಬ್ಬರೂ ಊಟಕ್ಕೆ ಇಳಿದಿರುತ್ತಾರೆ, ನಿನ್ನ ಗೆರೆ ಇನ್ನೂ ಪರದೆಯ ಮೇಲಿರುತ್ತದೆ.

ಅದನ್ನು ಮುಟ್ಟಬೇಡ. ಮೂರು ಗೆರೆ ಹೊಂದದಿದ್ದರೆ ಚಿತ್ರ ತಾನಾಗಿಯೇ ಹಿರಿಯರ ಮುಂದೆ ಹೋಗುತ್ತದೆ. ಎದ್ದು ನೀನೂ ಊಟಕ್ಕೆ ಹೋಗು.

ಕನಕವಲ್ಲಿ,
ಪದ್ಮಲತಾಳ ಅಕ್ಕ