ಹಂಪಮ್ಮನ ಹೆಸರುಗೌದಿ

ಮುಳುಗಡೆಯ ನೂರಾ ಹದಿನಾಲ್ಕನೆಯ ವರ್ಷ, ಎರಡನೆಯ ಬೇಸಿಗೆ
ಬಳೆಗಾರ ಓಣಿ, ಹೂವಿನಹಡಗಲಿ

ನನಗಿಂತ ಬಹಳ ಹಿಂದೆ ಹುಟ್ಟಿದವರೇ,

ಮೇಲಿನ ತೇದಿ ನೋಡಿ ಗಾಬರಿಯಾಗಬೇಡಿ. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಮಗೆ ಎರಡು, ಅದರಲ್ಲೂ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಕರಾವಳಿ ನೀರಿನ ಕೆಳಗೆ ಹೋದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಬಂದಂತೆಲ್ಲ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಸಾಬಮ್ಮ. ಹಳೆಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ನನ್ನ ಕಸುಬು. ಈ ಪತ್ರ ಬರೆಯುತ್ತಿರುವುದು ನನ್ನ ಮಗಳ ವಿಷಯದಲ್ಲಿ ಜಂಬ ಕೊಚ್ಚಿಕೊಳ್ಳುವುದಕ್ಕೆ. ಓಣಿಯವರೆಲ್ಲ ಕೇಳಿ ಕೇಳಿ ಸಾಕಾಗಿದ್ದಾರೆ. ನೀವಾದರೆ ನಡುವೆ ಎದ್ದು ಹೋಗುವಂತಿಲ್ಲ.

ಮಗಳ ಹೆಸರು ಹಂಪಮ್ಮ. ನನ್ನ ಅಜ್ಜಿಯ ಅಜ್ಜಿಯ ಹೆಸರು ಅದು. ನಿಮ್ಮ ಕಾಲದ ಹುಡುಗಿಯರು ಇಂಥ ಹೆಸರಿಗೆ ಮೂಗು ಮುರಿಯುತ್ತಿದ್ದಿರಬಹುದು, ಈಗ ಇದೇ ಹೊಸ ಫ್ಯಾಶನ್. ಅವಳು ತುಂಗಭದ್ರೆಯ ದಂಡೆಯಲ್ಲಿ ಹೊಸಿಲುಗಾರ್ತಿ. ಈಗ ಒಂದೊಂದು ನದಿಗೂ ಅದರದೇ ಸರ್ಕಾರ, ಅದರದೇ ಗಡಿ. ಮುಳುಗಿದ ಊರುಗಳ ಜನ ಘಟ್ಟ ಹತ್ತಿ, ದೋಣಿ ಹಿಡಿದು, ಹೊಳೆಗುಂಟ ನಮ್ಮ ಕಡೆಗೆ ಬರುತ್ತಾರೆ. ಅವರು ಇಳಿಯುವ ಜಾಗಕ್ಕೆ ಹೊಸಿಲು ಎನ್ನುತ್ತೇವೆ. ಬಂದವರಿಗೆ ಮೊದಲು ನೀರು ಕೊಟ್ಟು, ನೆರಳಿಗೆ ಕೂರಿಸಿ, ಎಲ್ಲಿಂದ ಬಂದಿರಿ, ಯಾವ ಕೆಲಸ ಬರುತ್ತದೆ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಜ್ವರ ನೋಡಿ, ಒಳಗೆ ಬಿಡುವುದೋ ಮುಂದಿನ ಹೊಸಿಲಿಗೆ ಕಳಿಸುವುದೋ ಎಂದು ತೀರ್ಮಾನಿಸುವವರೇ ಹೊಸಿಲುಗಾರರು. ನೀವು ವಲಸೆ ಅಧಿಕಾರಿ, ಪೊಲೀಸ್ ಎಂದು ಎರಡು ಹೆಸರಿನಿಂದ ಕರೆಯುತ್ತಿದ್ದಿರಿ. ನಮ್ಮಲ್ಲಿ ಎರಡೂ ಒಬ್ಬರೇ. ಅವರ ಕೈಯಲ್ಲಿ ಒಂದು ಬೆತ್ತ ಇರುತ್ತದೆ. ಇರಬಾರದು ಎನ್ನುವವರು ಒಂದು ಸಲ ಹೊಸಿಲಿಗೆ ಬಂದು ನಿಂತು ನೋಡಲಿ. ಹಸಿದ ಸಾವಿರ ಜನ ದೋಣಿಯಿಂದ ದಂಡೆಗೆ ಹಾಕಿದ ಒಂದೇ ಹಲಗೆಯ ಮೇಲೆ ನುಗ್ಗಿದರೆ ಮೊದಲು ತುಳಿತಕ್ಕೆ ಸಿಗುವುದು ಕೂಸುಗಳು.

ನಿಮ್ಮ ಕಾಲದ ಕತೆ ನಮ್ಮ ಮಕ್ಕಳಿಗೆ ಪಾಠ. ಕೆಲವು ದೇಶಗಳಲ್ಲಿ ಅಧಿಕಾರಿಗಳು ಮುಖಕ್ಕೆ ಮುಸುಕು ಹಾಕಿಕೊಂಡು ಬಂದು ಜನರನ್ನು ಬೀದಿಯಿಂದಲೇ ಎಳೆದೊಯ್ಯುತ್ತಿದ್ದರಂತೆ. ರೊಚ್ಚಿಗೆದ್ದವರು ಅವರ ಹೆಸರು, ಫೋಟೋ, ಮನೆ ವಿಳಾಸ ಎಲ್ಲ ಹುಡುಕಿ ಊರಿಗೆ ಸಾರುತ್ತಿದ್ದರಂತೆ. ಆಗ ಮುಸುಕು ಇನ್ನೂ ದಪ್ಪವಾಯಿತು. ಮುಸುಕು ದಪ್ಪವಾದಷ್ಟೂ ಏಟು ಜೋರಾಯಿತು. ನಾನು ಆ ಅಧಿಕಾರಿಗಳ ಹೆದರಿಕೆಯನ್ನು ಹೀಯಾಳಿಸುವುದಿಲ್ಲ. ಮಗಳು ಬೆತ್ತ ಹಿಡಿಯುವ ಕೆಲಸಕ್ಕೆ ಹೋಗುವಾಗ ಅವಳ ಮನೆಯ ಕಿಟಕಿಗೆ ಕಲ್ಲು ಬೀಳುತ್ತದೆಯೇ ಎಂಬ ಚಿಂತೆ ಯಾವ ತಾಯಿಗೂ ಹೊಸದಲ್ಲ. ಆದರೆ ಹೊಡೆದವನು ಯಾರೆಂದು ಗೊತ್ತಿಲ್ಲದೆ ಏಟು ತಿಂದವನ ಸಂಕಟವೂ ಸಣ್ಣದಲ್ಲ. ನಮ್ಮ ಹಿರಿಯರು ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದರು. ಹೆಸರು ಬಯಲಿಗೆ ಬರಲೇಬೇಕು, ಆದರೆ ಹೆಸರಿನ ಬೆನ್ನಿಗೆ ಒಂದು ಓಣಿ ನಿಲ್ಲಬೇಕು ಎಂದರು.

ಹೀಗೆ ಬಂದದ್ದು ಹೆಸರುಗೌದಿ. ಒಬ್ಬರು ಹೊಸಿಲುಗಾರರಾಗುತ್ತಾರೆ ಎಂದರೆ ಅವರ ಓಣಿಯ ಪ್ರತಿ ಮನೆಯೂ ಒಂದು ಹಳೆಬಟ್ಟೆಯ ತುಂಡು ಕೊಡಬೇಕು. ಆ ತುಂಡುಗಳಿಂದ ಅಕ್ಷರ ಕತ್ತರಿಸಿ, ಕೌದಿ ಹೊಲಿದಂತೆ ಅಂಗಿಯ ಬೆನ್ನಿಗೆ ಹೊಲಿಯುತ್ತೇವೆ. ಹೊಳೆಯ ಆಚೆ ದಂಡೆಯಿಂದಲೂ ಓದಬೇಕು, ಅಷ್ಟು ದೊಡ್ಡದು. ತುಂಡು ಕೊಟ್ಟ ಮನೆ ಎರಡು ಮಾತು ಕೊಟ್ಟಂತೆ: ಇವರು ಅನ್ಯಾಯ ಮಾಡಿದರೆ ನಮ್ಮ ತುಂಡು ನಾವು ವಾಪಸ್ ತೆಗೆಯುತ್ತೇವೆ, ಇವರ ಮನೆಗೆ ಯಾರಾದರೂ ಕಲ್ಲು ಹಿಡಿದು ಬಂದರೆ ನಾವು ಬಾಗಿಲಿಗೆ ಅಡ್ಡ ಕೂರುತ್ತೇವೆ. ಹಂಪಮ್ಮನ ಹೆಸರಿನ ಮೊದಲ ಅಕ್ಷರ ನನ್ನ ಮದುವೆಯ ಇಳಕಲ್ ಸೀರೆಯ ಸೆರಗು. ಉಳಿದ ಅಕ್ಷರಗಳಲ್ಲಿ ಪಕ್ಕದ ಮನೆ ಶರಣಪ್ಪನ ಧೋತರವಿದೆ, ಎದುರುಮನೆ ಮಾಬೂಬಿಯ ತಲೆವಸ್ತ್ರವಿದೆ, ಯಾರದೋ ಕಿಟಕಿಯ ಪರದೆಯೂ ಇದೆ. ಹೊಲಿದವಳು ನಾನೇ ಆದ್ದರಿಂದ ಅಂದವಾಗಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ಇನ್ನೊಂದು ನಿಯಮವಿದೆ. ಬೆತ್ತ ಎತ್ತುವ ಮೊದಲು ಹೊಸಿಲುಗಾರರು ಎದುರಿನವರಿಗೆ ಬೆನ್ನು ಕೊಟ್ಟು ನಿಂತು, ಹೆಸರು ಓದಲು ಬಿಟ್ಟು, ಗಟ್ಟಿಯಾಗಿ ಕೂಗಿ ಹೇಳಬೇಕು. ನಿಮ್ಮ ಕಾಲದಲ್ಲಿ ಬೆನ್ನು ತೋರಿಸುವುದು ಹೇಡಿತನವಾಗಿತ್ತಂತೆ. ಸಿಟ್ಟಿಗೆದ್ದ ಜನಕ್ಕೆ ಬೆನ್ನು ಕೊಟ್ಟು ಒಂದು ಕ್ಷಣ ನಿಲ್ಲಲು ಎಷ್ಟು ಧೈರ್ಯ ಬೇಕು ಎಂದು ನಿಂತವರಿಗೇ ಗೊತ್ತು. ಬಹಳ ಸಲ ತಿರುಗಿ ನಿಂತು ಮತ್ತೆ ಮುಖ ಮಾಡುವಷ್ಟರಲ್ಲಿ ಬೆತ್ತ ತಾನಾಗಿಯೇ ಕೆಳಗಿಳಿದಿರುತ್ತದೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಈ ಬೇಸಿಗೆಯ ಮೊದಲ ವಾರ ದೋಣಿಗಳು ಒಂದರ ಹಿಂದೆ ಒಂದು ಬಂದವು. ಹಲಗೆ ದಾಟುವಾಗ ಒಬ್ಬ ಮುದುಕಿ ಕಾಲು ಜಾರಿ ನೀರಿಗೆ ಬಿದ್ದಳು. ಎಳೆದು ಮೇಲೆ ತಂದಾಗ ಅವಳ ಸೀರೆ ಹೊಳೆಯ ಪಾಲಾಗಿತ್ತು. ಅಷ್ಟು ಜನರ ನಡುವೆ ಎದೆ ಮುಚ್ಚಿಕೊಂಡು ಮುದುಡಿ ಕೂತವಳಿಗೆ ನನ್ನ ಮಗಳು ತನ್ನ ಹೆಸರಂಗಿ ಬಿಚ್ಚಿ ಹೊದಿಸಿದಳು. ತಾನು ಒಳ ಅಂಗಿಯಲ್ಲೇ ನಿಂತಳು. ಅದೇ ಗಳಿಗೆಗೆ ಹಲಗೆಯ ಮೇಲೆ ಗದ್ದಲ ಎದ್ದಿತು. ಇನಾಸ್ ಎಂಬ ಕರಾವಳಿಯ ಬಡಗಿ, ಹೆಂಡತಿ ದೋಣಿಯಲ್ಲೇ ಉಳಿದಳೆಂದು, ಬರುತ್ತಿದ್ದ ಜನರನ್ನು ತಳ್ಳಿಕೊಂಡು ಹಿಂದಕ್ಕೆ ನುಗ್ಗುತ್ತಿದ್ದ. ಅವನು ಕೂಗಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಕ್ಕಳು ಬೀಳತೊಡಗಿದ್ದು ಮಾತ್ರ ಹಂಪಮ್ಮನಿಗೆ ಕಂಡಿತು. ರೂಢಿ ನೋಡಿ: ಅವಳು ನಿಯಮದಂತೆ ತಿರುಗಿ ಬೆನ್ನು ಕೊಟ್ಟು ನಿಂತಳು, ಹೆಸರು ಕೂಗಿದಳು, ಅದೂ ಆ ಸದ್ದಿನಲ್ಲಿ ಮುಳುಗಿತು, ಮುಖ ಮಾಡಿ ಹೊಡೆದಳು. ಇನಾಸನ ಬಲಗೈ ಮಣಿಕಟ್ಟು ಮುರಿಯಿತು. ಬೆನ್ನ ಮೇಲೆ ಹೆಸರೇ ಇರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಮುದುಕಿ ಅಂಗಿ ತಿರುಗಿ ಕೊಡಲು ಬಂದಾಗ.

ಹೆಸರಿಲ್ಲದ ಏಟು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಕಾರಣ ಏನೇ ಇರಲಿ, ಹೆಸರುಗೌದಿ ಬಿಚ್ಚಲೇಬೇಕು. ಸಂಜೆ ಇನಾಸ್ ಹೊಸಿಲಿನ ಠಾಣೆಗೆ ಬಂದು ದೂರು ಕೊಟ್ಟ: “ಬೆನ್ನಲ್ಲಿ ಎಂತದೂ ಇರಲಿಲ್ಲ ಮಾರಾಯ್ರೆ. ಯಾರು ಹೊಡೆದದ್ದು ಅಂತ ನಾನು ಯಾರ ಹತ್ರ ಕೇಳುವುದು?” ಆ ನೂಕುನುಗ್ಗಲಲ್ಲಿ ಯಾರೂ ಮುಖ ಗುರುತಿಟ್ಟಿರಲಿಲ್ಲ. ಠಾಣೆಯ ಹಿರಿಯ ಮೌಲಾಲಿ ಒಳ್ಳೆಯ ಮನುಷ್ಯ, ಹಂಪಮ್ಮನನ್ನು ಎತ್ತಿ ಆಡಿಸಿದವನು. ಅವಳನ್ನು ಪಕ್ಕಕ್ಕೆ ಕರೆದು, “ಬಿಡವ್ವಾ, ನೀ ತಿರುಗಿ ನಿಂತೀದಿ, ಹೆಸರು ಕೂಗೀದಿ. ನಿನ್ನ ಕಡೀಂದ ನಿಯಮ ಮುಗೀತು” ಎಂದ. ನಾನು ಅಲ್ಲೇ ರೊಟ್ಟಿಯ ಗಂಟು ಹಿಡಿದು ನಿಂತಿದ್ದೆ. ಸುಳ್ಳು ಹೇಳುವುದೇಕೆ, ಅವಳು ಸುಮ್ಮನಿರಲಿ ದೇವರೇ ಎಂದು ನನ್ನ ಹೆತ್ತ ಜೀವ ಬೇಡಿಕೊಂಡಿತು. ಆ ಕೆಲಸಕ್ಕಾಗಿ ಅವಳು ಎಷ್ಟು ವರ್ಷ ಒದ್ದಾಡಿದ್ದಾಳೆಂದು ನನಗೆ ಗೊತ್ತಿತ್ತು.

ಹಂಪಮ್ಮ ಮೌಲಾಲಿಯ ಮುಖ ನೋಡಿ, “ಕಾಕಾ, ಅಂವಾ ಓದಾಕ ಅಲ್ಲೇನಿತ್ತು?” ಎಂದಳು. ಆಮೇಲೆ ನೇರ ಇನಾಸನ ಮುಂದೆ ಹೋಗಿ, “ನಾನಽ ರೀ ಹೊಡದಾಕಿ. ಬಳೆಗಾರ ಓಣಿ ಸಾಬಮ್ಮನ ಮಗಳು ಹಂಪಮ್ಮ” ಎಂದಳು. ನನ್ನ ಹೆಸರನ್ನೂ ಸೇರಿಸಿದಳು ನೋಡಿ. ನನಗೆ ಅಳು ಬಂತು, ಅದರ ಜೊತೆಗೇ ಎದೆ ಉಬ್ಬಿತು.

ಮರುದಿನ ಬಿಸಿಲು ಇಳಿದು, ಜನ ನೆಲಮನೆಗಳಿಂದ ಮೇಲೆ ಬಂದ ಹೊತ್ತಿಗೆ, ಓಣಿ ಸೇರಿತು. ನೆಲಮನೆ ಎಂದರೆ ಹಗಲಿನ ಧಗೆ ಕಳೆಯಲು ಪ್ರತಿ ಮನೆಯ ಕೆಳಗೆ ತೋಡಿದ ಕೋಣೆ. ಇನಾಸನನ್ನು ಕಟ್ಟೆಯ ಮೇಲೆ ಕೂರಿಸಿದೆವು. ಪಕ್ಕದಲ್ಲಿ ಅವನ ಹೆಂಡತಿ, ಅದೇ ದೋಣಿಯಿಂದ ಸುಖವಾಗಿ ಇಳಿದು ಬಂದವಳು. ಮೊದಲ ತುಂಡು ಹೆತ್ತವರು ತೆಗೆಯಬೇಕು ಎಂಬುದು ಪದ್ಧತಿ. ನಾನೇ ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಗಟ್ಟಿ ಹೊಲಿಗೆ, ಬೇಗ ಬರಲಿಲ್ಲ. ಮಾಬೂಬಿ, “ನಾ ತೆಗಿಯಂಗಿಲ್ಲವ್ವಾ, ನನ್ನ ಕೈಲಿ ಆಗಂಗಿಲ್ಲ” ಎಂದು ಕೂತುಬಿಟ್ಟಳು. ಹಂಪಮ್ಮ ಅಂಗಿಯನ್ನು ಅವಳ ತೊಡೆಯ ಮೇಲೆ ಹಾಸಿ, “ತೆಗಿ ಚಿಗವ್ವಾ. ನೀ ತೆಗಿಲಿಲ್ಲಂದ್ರ ನೀ ಕೊಟ್ಟಿದ್ದಕ್ಕೂ ಬೆಲಿ ಇಲ್ಲ” ಎಂದಳು. ಹೊತ್ತು ಮುಳುಗುವಷ್ಟರಲ್ಲಿ ಬೆನ್ನು ಪೂರ್ತಿ ಬರಿದಾಗಿತ್ತು. ಸೂಜಿಯ ತೂತುಗಳಷ್ಟೇ ಉಳಿದಿದ್ದವು.

ಹೆಸರು ಮತ್ತೆ ಹೊಲಿಯಬಹುದು. ಆದರೆ ಆಗ ಮೊದಲ ತುಂಡು ಏಟು ತಿಂದವನದೇ ಆಗಬೇಕು. ಎಲ್ಲರೂ ಇನಾಸನ ಕಡೆ ನೋಡಿದರು. ಅವನು, “ಹೆಸರು ಗೊತ್ತಾಯಿತು, ಅಷ್ಟು ಸಾಕು ಇವತ್ತಿಗೆ. ಕೈ ಸರಿಯಾಗಲಿ, ಆಮೇಲೆ ನೋಡುವ” ಎಂದ. ನನಗೆ ಅವನ ಮೇಲೆ ಸಿಟ್ಟಿಲ್ಲ. ಮುರಿದದ್ದು ಬಡಗಿಯ ಬಲಗೈ. ಹಂಪಮ್ಮ ಈಗ ಅವನಿಗೆ ಕೈಯಾಗಿದ್ದಾಳೆ. ಗಾಯ ಮಾಡಿದವರು ಅದು ಮಾಯುವ ತನಕ ಆ ಅಂಗದ ಕೆಲಸ ಮಾಡುವುದಕ್ಕೆ ನಾವು ಹಾಗೆನ್ನುತ್ತೇವೆ. ಬೆಳಿಗ್ಗೆ ಹೋಗಿ ಅವನು ಹೇಳಿದಂತೆ ಹಲಗೆ ಕೊಯ್ಯುತ್ತಾಳೆ, ಉಳಿ ಹಿಡಿಯುತ್ತಾಳೆ, ಸೊಟ್ಟಗೆ ಕೊಯ್ದದ್ದಕ್ಕೆ ಬೈಸಿಕೊಳ್ಳುತ್ತಾಳೆ. ಕಲ್ಲು ಹಿಡಿದು ಯಾರೂ ನಮ್ಮ ಮನೆಗೆ ಬರಲಿಲ್ಲ. ಆದರೂ ಮೊದಲ ಮೂರ್ನಾಲ್ಕು ದಿನ ಶರಣಪ್ಪ ನಮ್ಮ ಬಾಗಿಲಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡ. ತನ್ನ ತುಂಡು ತೆಗೆದವನೂ ಅವನೇ, ಕಾವಲು ಕೂತವನೂ ಅವನೇ.

ನಮ್ಮ ಊರಿನ ಹಳೆ ಸಾಮಾನಿನ ಮನೆಯಲ್ಲಿ ನಿಮ್ಮ ಕಾಲದ ಒಂದು ಕಪ್ಪು ಮುಸುಕು ಇದೆ, ಎಲ್ಲಿಂದಲೋ ಬಂದದ್ದು. ನಿನ್ನೆ ಹೋಗಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಅದನ್ನು ತೊಟ್ಟು ಹೊಡೆದವನು ಸಿಕ್ಕಿಬೀಳಲಿಲ್ಲ, ಗೆದ್ದೆ ಎಂದುಕೊಂಡಿರಬೇಕು. ಆದರೆ ಅವರೊಳಗೆ ಒಬ್ಬ ಇದ್ದಿರಲೇಬೇಕು, ಎತ್ತಿದ ಕೈಯನ್ನು ಇಳಿಸಿದವನು, ಯಾರಿಗೋ ತನ್ನ ಅಂಗಿ ಬಿಚ್ಚಿ ಹೊದಿಸಿದವನು. ಅವನೂ ಅಂಥದೇ ಮುಸುಕಿನಲ್ಲಿದ್ದ. ಅವನ ತಾಯಿಗೆ ನನ್ನ ಹಾಗೆ ಓಣಿಯಲ್ಲಿ ನಿಂತು ಅವನು ನನ್ನ ಮಗ ಎನ್ನಲಾಗಲಿಲ್ಲ. ಅವನ ಮರಿಮಕ್ಕಳು ಇವತ್ತು ನನ್ನ ಓಣಿಯಲ್ಲೇ ಇದ್ದರೂ ಅವನು ಅಂಥವನೆಂದು ಅವರಿಗೆ ಗೊತ್ತಿಲ್ಲ.

ನನ್ನ ಕೋರಿಕೆ ಇಷ್ಟೇ: ಮುಸುಕು ತೆಗೆಯಿರಿ. ತೆಗೆದವರ ಮನೆಬಾಗಿಲಿಗೆ ಕಲ್ಲು ಬೀಳದಂತೆ ನೀವು ಅಡ್ಡ ಕೂತುಕೊಳ್ಳಿ. ನನ್ನ ಸೀರೆಯ ಸೆರಗಿನ ತುಂಡು ಈಗ ನನ್ನ ಮುಂದೆ, ಈ ಕಾಗದದ ಪಕ್ಕದಲ್ಲಿದೆ. ಅದು ಮತ್ತೆ ಅಂಗಿಗೆ ಏರುತ್ತದೋ ಇಲ್ಲವೋ ಇನಾಸನ ಕೈಯಲ್ಲಿದೆ. ಹಂಪಮ್ಮ ಬೆಳಿಗ್ಗೆ ಬರಿಬೆನ್ನಿನ ಅದೇ ಅಂಗಿ ತೊಟ್ಟು ಓಣಿಯಲ್ಲಿ ನಡೆದು ಹೋದಳು. ದಾರಿಯಲ್ಲಿ ಎದುರಾದವರೆಲ್ಲ ಅವಳ ಹೆಸರು ಹಿಡಿದು ಕರೆದು ಮಾತಾಡಿಸಿದರು.

ನಿಮ್ಮ ಮುಂದಿನವಳು,
ಹಂಪಮ್ಮನ ತಾಯಿ ಸಾಬಮ್ಮ