ರೂವಿಯಲ್ಲಿ ಇಳಿದ ಮೂವರು ರಾಜರು

ವಾದಿ ಕಬೀರ್
೫ ಡಿಸೆಂಬರ್ ೨೦೨೫, ಶುಕ್ರವಾರ

ಅಖಂಡ ಬೆಂದೂರು ಸಾಮ್ರಾಜ್ಯದ ಚಕ್ರವರ್ತಿನಿ, ಎರಡು ಕುಕ್ಕರುಗಳ ಒಡತಿ, ತಮ್ಮನ ಕಿವಿ ಹಿಂಡುವ ವಿದ್ಯೆಯಲ್ಲಿ ಅದ್ವಿತೀಯಳಾದ ನಿಕೋಲಕ್ಕನ ದಿವ್ಯ ಸನ್ನಿಧಿಗೆ,

ಅಡಿಯಾಳು ಕ್ಲೇಟನ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಡವಾಯಿತು, ಕ್ಷಮಿಸು. ಫೋನಿನಲ್ಲೇ ಕಳಿಸಬಹುದಿತ್ತು, ಆದರೆ ಪಪ್ಪಾನ ಕ್ರಿಸ್ಮಸ್ ಹಾಡು ಅವರ ಕೈಗೆ ಕಾಗದದಲ್ಲೇ ಸಿಗಬೇಕೆಂದು ಅಪ್ಪಣೆ ಕೊಡಿಸಿದವಳು ನೀನು. ಈ ಕೊಲ್ಲಿ ನಾಡಿನಿಂದ ಊರಿಗೆ ಹೊರಟ ಶೆರ್ಲಿನ್ ಆಂಟಿಯ ಬ್ಯಾಗಿನಲ್ಲಿ ಖರ್ಜೂರದ ಪೆಟ್ಟಿಗೆಯ ಅಡಿಯಲ್ಲಿದೆ.

ಪಪ್ಪಾ ನಮ್ಮ ಹೆಸರುಗಳನ್ನೇ ಮರೆಯುತ್ತಿದ್ದಾರೆ, ತಾವೇ ಕಟ್ಟಿದ ಹಾಡಾದರೂ ನೆನಪಾದೀತೇನೋ ಎಂದು ನೀನು ಹೇಳಿದ ಮರುದಿನವೇ ಅವರ ಹಳೆಯ ಪೆನ್‌ಡ್ರೈವ್ ಹಿಡಿದು ಹಕೀಂ ಭಾಯಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಫೈಲು ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಡಾಲರ್ ಚಿಹ್ನೆ.

“ಎಂತ ಮಾರಾಯ, ಇದು ನಿನ್ನ ಪಪ್ಪ ಬರ್ದದ್ದಾ, ಅಲ್ಲ ಬೆಕ್ಕು ಕೀಬೋರ್ಡಲ್ಲಿ ನಡ್ದದ್ದಾ?”

“ಕೊಂಕಣಿ ಹಾಡು, ಭಾಯಿ, ಕನ್ನಡ ಲಿಪಿಯಲ್ಲಿ.”

“ಮತ್ತೆ ಫಾಂಟ್ ಎಲ್ಲುಂಟು?”

ಫಾಂಟು ಪಪ್ಪಾನ ಆಫೀಸಿನಲ್ಲಿತ್ತು. ಆಫೀಸೇ ಈಗ ಇಲ್ಲ.

ಮಹಾರಾಣಿಯವರ ಅವಗಾಹನೆಗೆ: ಆ ಕಾಲದ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೇ ಯಕ್ಷಗಾನದ ವೇಷ ಕಟ್ಟಿ ಕನ್ನಡವೆಂದು ಕುಣಿಸುತ್ತಿದ್ದರು. ‘ಕ್ರಿ’ ಬೇಕೆಂದರೆ ‘ಕಿ’ ಒಂದು ತುಂಡು, ಕೆಳಗಿನ ಒತ್ತು ಇನ್ನೊಂದು ತುಂಡು. ಫಾಂಟು ಹೋದರೆ ವೇಷ ಕಳಚಿತು. ಈಗ ಹಾಗಲ್ಲ. ಕ, ರ, ಗುಣಿತದ ಗುರುತು, ಒತ್ತು ಮಾಡುವ ಗುರುತು, ಎಲ್ಲಕ್ಕೂ ಜಗತ್ತಿಡೀ ಒಪ್ಪಿದ ಒಂದೊಂದು ಸಂಖ್ಯೆ ಉಂಟು. ನಾವು ಹೇಳುವ ಕ್ರಮದಲ್ಲಿ ಕೊಟ್ಟರೆ ಯಂತ್ರವೇ ಜೋಡಿಸಿಕೊಳ್ಳುತ್ತದೆ.

ಮೊದಲೆರಡು ಚರಣ ನನಗೆ ಬಾಯಿಪಾಠ. ಯಾವ ಚಿಹ್ನೆ ಯಾವ ತುಂಡು ಎಂದು ಅವುಗಳಿಂದಲೇ ಹಿಡಿದೆವು. ಬೇಕಾದದ್ದು ಮೂರನೆಯದು. ನೆನಪಿದೆಯಾ, ನಾವು ಬೆಳೆದ, ನಾನಿನ್ನೂ ಇರುವ ಈ ಕಟ್ಟಡದ ಮೆಟ್ಟಿಲು ಹತ್ತುತ್ತ ಮನೆ ಮನೆಗೆ ಹಾಡಲು ಹೋಗುತ್ತಿದ್ದದ್ದು? ಎರಡನೆಯ ಚರಣ ಮುಗಿಯುವಷ್ಟರಲ್ಲಿ ಕುಸ್ವಾರಿನ ಕ್ರಿಸ್ಮಸ್ ತಿಂಡಿಗಳ ತಟ್ಟೆ ಬರುತ್ತಿತ್ತು. ನಾವೆಲ್ಲ ಕಿಡಿಯೊ, ನೆವ್ರಿಯೊ ಮುಕ್ಕುತ್ತಿದ್ದೆವು. ಮೂರನೆಯದನ್ನು ಪಪ್ಪಾ ಒಬ್ಬರೇ ಹಾಡಿ ಮುಗಿಸುತ್ತಿದ್ದರು. ಆ ಮೆಟ್ಟಿಲಲ್ಲಿ ಈಗಲೂ ಅದೇ ಫಿನಾಯಿಲಿನ ವಾಸನೆ. ಹತ್ತುವಾಗ ಬೇಕೆಂದೇ ನಿಧಾನ ಮಾಡುತ್ತೇನೆ.

ಕಳೆದ ಶುಕ್ರವಾರ ವಿಡಿಯೊದಲ್ಲಿ ಪೂರ್ತಿ ಹಾಡಿದೆನಲ್ಲ, ಮೂರನೆಯ ಚರಣದಲ್ಲಿ ದೇವಶಿಶುವನ್ನು ಕಾಣಲು ಹೊರಟ ಮೂವರು ರಾಜರು ಒಂಟೆಗೆ ದಣಿವಾಯಿತೆಂದು ಇಲ್ಲೇ ನಮ್ಮ ರೂವಿ ಬಸ್ ನಿಲ್ದಾಣದಲ್ಲಿ ಇಳಿದು ಖುಬೂಸು ರೊಟ್ಟಿ, ಹುರಿದ ಬಂಗುಡೆ ಕೇಳುವುದು ಬಂದಾಗ ನೀನು, “ಇದು ಪಪ್ಪಾನೇ! ಬೇರೆ ಯಾರಿಗೂ ಹೀಗೆ ಬರೀಲಿಕ್ಕೆ ಬರುದಿಲ್ಲ” ಎಂದು ನಗುತ್ತ ಅತ್ತೆ. ಪಪ್ಪಾ ಹೊದಿಕೆಯ ಮೇಲೆ ತಾಳ ಹಾಕಿದರು. ಆಮೇಲೆ ನೀನು ಕಳಿಸಿದ ಮೆಸೇಜು: “ಸಿಕ್ಕಿದ್ರು ಮಾರಾಯ, ಪಪ್ಪಾ ಸಿಕ್ಕಿದ್ರು.”

ದೇವರು ನಿನ್ನ ಸಿಂಹಾಸನವನ್ನೂ ಕುಕ್ಕರುಗಳನ್ನೂ ಕಾಯಲಿ. ಪಪ್ಪಾನ ಹಣೆಗೆ ನನ್ನದೊಂದು ಮುತ್ತು.

ನಿನ್ನ ಪಾದಧೂಳಿ,
ಕ್ಲೇಟನ್

ಬರೆಯದೆ ಬಿಟ್ಟ ಮಾತು: ಮೂರನೆಯ ಚರಣವನ್ನು ಯಾವುದೋ ಕಂಪ್ಯೂಟರು ಎಂದೋ ತಿಂದುಹಾಕಿತ್ತು. ಅಲ್ಲಿ ಉಳಿದದ್ದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹಕೀಂ ಭಾಯಿ, “ಇದು ಖಲಾಸ್, ಇದ್ರಿಂದ ಎಂತದೂ ಬರುದಿಲ್ಲ” ಅಂದರು. ರಾಜರನ್ನು ರೂವಿಯಲ್ಲಿ ಇಳಿಸಿದವನು ನಾನು. ಪಪ್ಪಾ ಒಂದು ಸ್ವರ ತಪ್ಪಿದರೂ ಗಿಟಾರ್ ನಿಲ್ಲಿಸಿ ಬೈಯುತ್ತಿದ್ದವರಲ್ಲವಾ, ನನ್ನ ಕಳ್ಳತನ ಹಿಡಿಯಲಿ ಅಂತಲೇ ಹಾಗೆ ಬರೆದೆ. ಬೈಯಲೇ ಇಲ್ಲ, ಅಕ್ಕಾ.